ವೆಬ್‌ಸೈಟಿಗೆ ರೆಡಿ ಲೇಖನ ಕೊಳ್ಳುವುದಾ, ಬರೆಸುವುದಾ, ನಾವೇ ಬರೆಯುವುದಾ?

ಈ ಮಳೆಗಾಲ ಶುರುವಾದ ಮೇಲೆ ನಾಲ್ಕು ಕಡೆಯವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ತೀರ್ಥಹಳ್ಳಿ ಹತ್ತಿರ ಹೋಂಸ್ಟೇ ನಡೆಸುವ ದಂಪತಿ. ಸಾಗರದ ಕಡೆ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಮಾರುವ ನರ್ಸರಿಯವರು. ರಿಪ್ಪನ್‌ಪೇಟೆಯಲ್ಲಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಊರೂರಿಗೆ ಕಳಿಸುವ ಒಬ್ಬ ಅಕ್ಕ. ಮತ್ತೆ ಶಿವಮೊಗ್ಗದ ಒಬ್ಬ ಆಯುರ್ವೇದ ವೈದ್ಯರು.

ಇವರೆಲ್ಲರ ವೆಬ್‌ಸೈಟ್ ತಯಾರಾಗಿದೆ. ಫೋಟೋ ಇದೆ, ಫೋನ್ ನಂಬರ್ ಇದೆ. ಲೇಖನದ ಜಾಗ ಮಾತ್ರ ಖಾಲಿ. ಅಷ್ಟರಲ್ಲಿ ಯಾರೋ ಬಂದು ಹೇಳಿದ್ದಾರೆ: ನೂರು ಲೇಖನದ ಪ್ಯಾಕ್ ಇದೆ, ಲೈಸೆನ್ಸ್ ಸಮೇತ ಸಿಗುತ್ತದೆ, ನಿಮ್ಮ ಹೆಸರು ಹಾಕಿಕೊಂಡು ಬಳಸಬಹುದು. ತಗೊಳ್ಳಬಹುದಾ ಎನ್ನುವುದು ಎಲ್ಲರ ಪ್ರಶ್ನೆ.

ನಾನು ಶಿವಮೊಗ್ಗದಲ್ಲಿ ಇಂಥ ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವವಳು. ರೆಡಿ ಲೇಖನ ಕೊಂಡು ಬಳಸಿದ್ದೇನೆ. ಅದರಿಂದ ಅನುಕೂಲ ಆಗಿದ್ದೂ ಉಂಟು, ಒಮ್ಮೆ ದೊಡ್ಡ ತಪ್ಪಾಗಿದ್ದೂ ಉಂಟು. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಲೆಕ್ಕಾಚಾರ ಬದಲಾಗಿದ್ದೇ ಅಲ್ಲಿಂದ.

ಆಗುಂಬೆ ದಾರಿಯಲ್ಲಿದ್ದ ಒಂದು ಹೋಂಸ್ಟೇಗೆ ಸೈಟ್ ಮಾಡುವಾಗ, ಪ್ಯಾಕಿನಲ್ಲಿದ್ದ "ಬೆಟ್ಟದ ಪ್ರವಾಸಕ್ಕೆ ಏನೇನು ತರಬೇಕು" ಎನ್ನುವ ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಹಾಕಿದೆ. ಓದಲು ಚೆನ್ನಾಗಿತ್ತು. ಸ್ವೆಟರ್, ಟೋಪಿ, ಟಾರ್ಚ್, ನೀರಿನ ಬಾಟಲಿ, ಎಲ್ಲವೂ ಇತ್ತು. ಜುಲೈನಲ್ಲಿ ಬೆಂಗಳೂರಿನಿಂದ ಒಂದು ಕುಟುಂಬ ಆ ಪುಟ ಓದಿಕೊಂಡೇ ಬಂತು. ಮಕ್ಕಳ ಕಾಲಲ್ಲಿ ಚಪ್ಪಲಿ. ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಕಾಲ ತುಂಬ ಇಂಬಳ (ರಕ್ತ ಹೀರುವ ಜಿಗಣೆ), ರಕ್ತ. ಸಣ್ಣ ಹುಡುಗಿ ಹೆದರಿ ರಾತ್ರಿಯೆಲ್ಲ ಅತ್ತಿತು. ಮರುದಿನವೇ ಅವರು ಹೊರಟುಹೋದರು. ಮಲೆನಾಡಿನ ಮಳೆಗಾಲದ ಬಗ್ಗೆ ಬರೆದವರು ಯಾರೇ ಆದರೂ ಮೊದಲ ಸಾಲಿನಲ್ಲೇ ಇಂಬಳದ ಬಗ್ಗೆ ಹೇಳುತ್ತಾರೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಜೊತೆಗಿರಲಿ ಎನ್ನುತ್ತಾರೆ. ಆ ಲೇಖನ ಬರೆದವರು ಇಂಬಳವನ್ನು ನೋಡಿಯೇ ಇರಲಿಲ್ಲ. ಅದು ಅವರ ತಪ್ಪಲ್ಲ. ಅದನ್ನು ಇಲ್ಲಿ ಹಾಕಿದ್ದು ನನ್ನ ತಪ್ಪು.

ಅದಕ್ಕೇ ಬೆಲೆಗಿಂತ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಹಕ್ಕು. ಲೇಖನ ಬಳಸಲು ನಿಮಗೆ ಅನುಮತಿ ಇದೆ ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿ ಇದೆಯಾ? ಆ ಕಾಗದ ಏನೇನು ಮಾಡಲು ಬಿಡುತ್ತದೆ?

ಎರಡನೆಯದು, ಅದೇ ಲೇಖನ ಬೇರೆ ಎಷ್ಟು ಕಡೆ ಇದೆ ಎನ್ನುವುದು. ಒಂದೇ ಲೇಖನ ಹತ್ತು ಸೈಟಿನಲ್ಲಿ ಇದ್ದರೆ ಗೂಗಲ್ ಶಿಕ್ಷೆ ಕೊಡುತ್ತದೆ ಎಂದು ತುಂಬ ಜನ ನಂಬಿದ್ದಾರೆ. ವಿಷಯ ಸ್ವಲ್ಪ ಬೇರೆ. ಸುಮ್ನೆ ಒಂದೇ ತೆರನಾಗಿದೆ ಎಂಬ ಕಾರಣಕ್ಕೆ ಗೂಗಲ್ ದಂಡ ಹಾಕುವುದಿಲ್ಲ. ಒಂದೇ ತರದ ಪುಟಗಳನ್ನು ಗುಂಪು ಮಾಡಿ, ಅದರಲ್ಲಿ ಒಂದನ್ನು ಮುಖ್ಯ ಎಂದು ಆರಿಸಿ, ಹುಡುಕುವವರಿಗೆ ಸಾಮಾನ್ಯವಾಗಿ ಅದನ್ನೇ ತೋರಿಸುತ್ತದೆ. ಉಳಿದವು ಹಿಂದೆ ಬೀಳುತ್ತವೆ. ನಿನ್ನೆ ಶುರುವಾದ ನಿಮ್ಮ ಸೈಟು ಆ ಒಂದು ಪುಟ ಆಗುವ ಸಾಧ್ಯತೆ ಕಡಿಮೆ. ಶಿಕ್ಷೆ ಇಲ್ಲದಿದ್ದರೂ ಫಲ ಒಂದೇ: ಯಾರಿಗೂ ಕಾಣುವುದಿಲ್ಲ. ಇನ್ನೊಂದು ಮಾತು ಇದೆ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮ ಬಿಗಿ ಮಾಡಿತು. ಓದುವವರಿಗೆ ಉಪಯೋಗ ಇಲ್ಲದೆ, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ಪುಟ ತುಂಬುವುದನ್ನು ಅದು ತಪ್ಪು ಎಂದು ಪರಿಗಣಿಸುತ್ತದೆ. ಮನುಷ್ಯರು ಬರೆದದ್ದೋ ಯಂತ್ರ ಬರೆದದ್ದೋ, ವ್ಯತ್ಯಾಸವಿಲ್ಲ. ಪ್ಯಾಕಿನ ನೂರು ಲೇಖನವನ್ನು ಒಂದೇ ದಿನ ಹಾಗೇ ಸುರಿದರೆ ಆ ಗುಂಪಿಗೆ ಸೇರುವ ಅಪಾಯ ಇದೆ.

ಮೂರನೆಯದು ನಮ್ಮ ಊರಿಗೆ ಹೊಂದುತ್ತದಾ ಎನ್ನುವುದು. ಇಂಬಳದ ಕಥೆ ಹೇಳಿದ್ದು ಇದಕ್ಕೇ.

ನಾಲ್ಕನೆಯದು ಜವಾಬ್ದಾರಿ. ಲೇಖನದಲ್ಲಿ ತಪ್ಪಿದ್ದರೆ ಯಾರಿಗೆ ಏನು ನಷ್ಟ? ಉಪ್ಪಿನಕಾಯಿಗೆ ಯಾವ ಅನ್ನ ಚೆನ್ನ ಎಂದು ತಪ್ಪಾಗಿ ಬರೆದರೆ ಯಾರಿಗೂ ತೊಂದರೆ ಇಲ್ಲ. ತೋಟಕ್ಕೆ ಹೊಡೆಯುವ ಔಷಧಿಯ ಪ್ರಮಾಣ ತಪ್ಪಿದರೆ ಒಂದು ವರ್ಷದ ಫಸಲು ಹೋಗುತ್ತದೆ. ಕಾಯಿಲೆಯ ವಿಷಯ ತಪ್ಪಿದರೆ ಜೀವಕ್ಕೇ ಅಪಾಯ.

ಐದನೆಯದು ಖರ್ಚು. ಇದರಲ್ಲಿ ದುಡ್ಡಿನ ಜೊತೆ ನಿಮ್ಮ ಸಮಯವನ್ನೂ ಸೇರಿಸಬೇಕು. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ರೆಡಿ ಲೇಖನದ ಪ್ಯಾಕ್

ಇದನ್ನು ಮಾರುವವರು ಪಿಎಲ್‌ಆರ್ ಎನ್ನುತ್ತಾರೆ, ಅಂದರೆ ಪ್ರೈವೇಟ್ ಲೇಬಲ್ ರೈಟ್ಸ್. ಯಾರೋ ಬರೆದಿಟ್ಟ ಲೇಖನವನ್ನು ನೀವು ತಿದ್ದಬಹುದು, ಕತ್ತರಿಸಬಹುದು, ನಿಮ್ಮ ಹೆಸರು ಹಾಕಬಹುದು. ಆದರೆ ಅದೇ ಲೇಖನವನ್ನು ಇನ್ನೂ ನೂರಾರು ಜನರಿಗೆ ಮಾರಿರುತ್ತಾರೆ. ಸಾಮಾನ್ಯವಾಗಿ ನಿಮಗೆ ಸಿಗುವುದು ಬಳಸುವ ಹಕ್ಕು ಮಾತ್ರ. ಲೇಖನದ ಒಡೆತನ ಬರುವುದಿಲ್ಲ. ಇದರ ಅಕ್ಕಪಕ್ಕದಲ್ಲೇ ಇನ್ನೂ ಎರಡು ಮೂರು ತರ ಇವೆ. ಕೆಲವು ಬರೀ ಓದಿ ಬಳಸಲು. ಕೆಲವನ್ನು ಇದ್ದ ಹಾಗೇ ಮರುಮಾರಾಟ ಮಾಡಬಹುದು, ಆದರೆ ಒಂದಕ್ಷರ ತಿದ್ದುವಂತಿಲ್ಲ. ಪ್ಯಾಕಿನ ಹೆಸರು ನೋಡಿ ಮೋಸ ಹೋಗಬೇಡಿ. ಒಳಗಿರುವ ಲೈಸೆನ್ಸ್ ಫೈಲ್ ತೆರೆದು ಓದಿ.

ನಮ್ಮ ಕಡೆಯವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಾನು ನೋಡಿದ ಮಟ್ಟಿಗೆ ಈ ಪ್ಯಾಕುಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನವು. ಕನ್ನಡಕ್ಕೆ ತರಬೇಕಾದರೆ ಅನುವಾದ ಮಾಡಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅನುವಾದ ಮಾಡುವುದೂ ಹಕ್ಕುದಾರರಿಗೇ ಸೇರಿದ ಹಕ್ಕು. "ತಿದ್ದಬಹುದು" ಎಂದು ಬರೆದಿದ್ದರೆ ಅದರಲ್ಲಿ ಅನುವಾದವೂ ಬಂತು ಎಂದು ನಾವೇ ಅಂದುಕೊಳ್ಳುವುದು ಸರಿಯಲ್ಲ. ಅನುವಾದಕ್ಕೆ ಅನುಮತಿ ಇದೆಯಾ ಎಂದು ಮಾರುವವರಿಗೆ ಒಂದು ಇಮೇಲ್ ಹಾಕಿ ಕೇಳಿ. ಉತ್ತರವನ್ನು ಜೋಪಾನ ಮಾಡಿ.

ಪ್ಯಾಕಿನ ಒಳ್ಳೆಯ ಗುಣವನ್ನೂ ಹೇಳಬೇಕು. ಖಾಲಿ ಹಾಳೆಯ ಮುಂದೆ ಕೂತರೆ ಕೈ ಓಡುವುದಿಲ್ಲ. ಎದುರಿಗೆ ಒಂದು ಲೇಖನ ಇದ್ದರೆ "ಇದು ಹೀಗಲ್ಲ, ನಮ್ಮಲ್ಲಿ ಹಾಗೆ" ಎಂದು ಬರೆಯುವುದು ಸುಲಭ. ಯಾವ ಊರಿಗಾದರೂ ಒಂದೇ ಆಗಿರುವ ವಿಷಯಕ್ಕೆ ಅದು ಕೆಲಸಕ್ಕೆ ಬರುತ್ತದೆ. ಉದಾಹರಣೆಗೆ, ಪಾರ್ಸೆಲ್ ಬಂದಾಗ ಗಾಜಿನ ಬಾಟಲಿ ಒಡೆದಿದೆಯಾ ಎಂದು ಹೇಗೆ ನೋಡುವುದು, ಆನ್‌ಲೈನ್ ಪಾವತಿಯಲ್ಲಿ ಮೋಸ ಹೋಗದಿರುವುದು ಹೇಗೆ, ಇಂಥವು.

ಊರಿನ ವಿಷಯ ಬಂತೆಂದರೆ ಪ್ಯಾಕ್ ಸೋಲುತ್ತದೆ. ತೋಟಗಾರಿಕೆ ಪ್ಯಾಕ್ ತೆರೆದರೆ "ಹಿಮ ಕರಗಿದ ಮೇಲೆ ಬೀಜ ಹಾಕಿ" ಎಂದಿರುತ್ತದೆ. ಹೊಸನಗರದಲ್ಲಿ ಯಾವ ಹಿಮ ಕರಗಬೇಕು? ನಮ್ಮ ಲೆಕ್ಕ ಶುರುವಾಗುವುದೇ ಮಳೆಯಿಂದ. ಅಡಿಕೆಗೆ ಕೊಳೆರೋಗ ಬಾರದಿರಲು ಮುಂಗಾರು ಬಲಗೊಳ್ಳುವ ಮೊದಲು ಒಂದು ಸಲ ಬೋರ್ಡೋ ಹೊಡೆಯಬೇಕು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಇದು ಶೇ 1ರ ದ್ರಾವಣ. ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡುವು ಕೊಡಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರೂ ಸಿಗಬೇಕು. ಆ ನಡುವೆ ಸಿಗುವ ನಾಲ್ಕು ಬಿಸಿಲಿನ ದಿನ ಎಷ್ಟು ಅಮೂಲ್ಯ ಎನ್ನುವುದು ತೋಟ ಇದ್ದವರಿಗೇ ಗೊತ್ತು. ಸಾಗರದ ನರ್ಸರಿಯವರ ಸೈಟಿಗೆ ಬರುವವರು ಓದಲು ಬಯಸುವುದು ಇದನ್ನು. ಇದು ಯಾವ ಪ್ಯಾಕಿನಲ್ಲೂ ಇಲ್ಲ.

ಹಳತಾಗುವ ತೊಂದರೆಯೂ ಇದೆ. ಸಿಗಂದೂರಿಗೆ ಹೋಗುವುದು ಹೇಗೆ ಎನ್ನುವ ಎಷ್ಟೋ ಲೇಖನಗಳಲ್ಲಿ ಇಂದಿಗೂ ಲಾಂಚಿಗೆ ಕಾಯಬೇಕು, ಕೊನೆಯ ಲಾಂಚ್ ತಪ್ಪಿಸಿಕೊಳ್ಳಬೇಡಿ ಎಂದೇ ಇದೆ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲೇ ಉದ್ಘಾಟನೆಯಾಗಿದೆ. ವರ್ಷಗಟ್ಟಲೆ ಲಾಂಚಿಗಾಗಿ ಸಾಲು ನಿಂತವರಿಗೆ ಆ ಸೇತುವೆ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಾ? ನಿಮ್ಮ ಹೋಂಸ್ಟೇ ಸೈಟಿನಲ್ಲಿ ಹಳೆಯ ಮಾತೇ ಇದ್ದರೆ, ಓದಿದವರು ಉಳಿದ ಮಾತನ್ನೂ ನಂಬುವುದಿಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಮಾರುವವರಿಂದ ಎರಡು ಮಾದರಿ ಲೇಖನ ಕೇಳಿ. ನಡುವಿನಿಂದ ಹತ್ತು ಹನ್ನೆರಡು ಪದದ ಒಂದು ಸಾಲು ತೆಗೆದು, ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿ. ಅದೇ ಸಾಲು ಪುಟಗಟ್ಟಲೆ ಬಂದರೆ ನಿಮಗೇ ಅರ್ಥವಾಗುತ್ತದೆ. ಆ ಸಾಲು ಒಂದು ಪತ್ರಿಕೆಯ ಸೈಟಿನಲ್ಲೋ ಒಬ್ಬ ಲೇಖಕರ ಪುಟದಲ್ಲೋ ಮೊದಲು ಪ್ರಕಟವಾಗಿದ್ದು ಕಂಡರೆ ಇನ್ನೂ ಎಚ್ಚರ ಬೇಕು. ಮಾರುವವರಿಗೇ ಹಕ್ಕು ಇಲ್ಲದೆ ಇರಬಹುದು. ಅಸಲಿ ಹಕ್ಕುದಾರರು ದೂರು ಕೊಟ್ಟರೆ ತೆಗೆಯಬೇಕಾಗುವುದು ನಿಮ್ಮ ಪುಟವನ್ನು. ದುಡ್ಡು ಕೊಟ್ಟು ತಂದಿದ್ದೇವೆ ಎಂದರೆ ಆ ಪುಟ ಉಳಿಯುವುದಿಲ್ಲ.

ಹೆಸರು ಹಾಕುವ ವಿಷಯದಲ್ಲಿ ನನ್ನ ಮಾತು ಸ್ಪಷ್ಟ. ಲೈಸೆನ್ಸ್ ಬಿಡುತ್ತದೆ ಎಂದು ಬೇರೆಯವರ ಬರಹಕ್ಕೆ ನಿಮ್ಮ ಹೆಸರು ಹಾಕಬೇಡಿ. ಅರ್ಧಕ್ಕಿಂತ ಜಾಸ್ತಿ ನೀವು ಹೊಸದಾಗಿ ಬರೆದಿದ್ದರೆ, ಪ್ರತಿ ಸಾಲನ್ನೂ ಓದಿ ಒಪ್ಪಿದ್ದರೆ, ಆಗ ಹಾಕಿ. ಊರಲ್ಲಿ ನಿಮ್ಮನ್ನು ನಂಬಿ ಬರುವವರು ಆ ಹೆಸರನ್ನೇ ನೋಡಿ ಬರುತ್ತಾರೆ.

ಇದ್ದ ಹಾಗೇ ಬಳಸುವ ಲೈಸೆನ್ಸ್ ಲೇಖನ

ಪತ್ರಿಕೆಗಳು, ಫೀಚರ್ ಏಜೆನ್ಸಿಗಳು ತಮ್ಮ ಲೇಖನವನ್ನು ದುಡ್ಡು ತಗೊಂಡು ಬೇರೆಯವರಿಗೆ ಬಳಸಲು ಕೊಡುತ್ತವೆ. ಇವು ಪ್ಯಾಕಿಗಿಂತ ಎಷ್ಟೋ ಮೇಲು. ಬರೆದವರ ಹೆಸರು ಇರುತ್ತದೆ, ಸಂಪಾದಕರ ಕಣ್ಣು ಬಿದ್ದಿರುತ್ತದೆ. ಆದರೆ ತಿದ್ದುವಂತಿಲ್ಲ, ಹೆಸರು ತೆಗೆಯುವಂತಿಲ್ಲ, ಸಾಮಾನ್ಯವಾಗಿ ಇಂತಿಷ್ಟು ಕಾಲ ಎಂಬ ಗಡುವೂ ಇರುತ್ತದೆ. ಗಡುವು ಮುಗಿದ ಮೇಲೆ ಪುಟ ತೆಗೆಯಬೇಕು. ಮೂಲ ಲೇಖನ ಅವರ ಸೈಟಿನಲ್ಲೂ ಇರುವುದರಿಂದ ಗೂಗಲ್‌ನಲ್ಲಿ ನಿಮ್ಮ ಪುಟ ಕಾಣಲಿ ಎಂದು ಆಸೆ ಪಡುವುದೂ ಸರಿಯಲ್ಲ. ನಿಮ್ಮ ಪುಟವನ್ನು ಹುಡುಕಾಟದಿಂದ ಹೊರಗಿಡಿ ಎಂದು ಅವರೇ ಷರತ್ತು ಹಾಕಬಹುದು.

ಸಾವಿರಾರು ಸದಸ್ಯರಿರುವ ಸಹಕಾರ ಸಂಘಕ್ಕೆ, ಶಾಲೆಗೆ, ದೊಡ್ಡ ಆಸ್ಪತ್ರೆಗೆ ಇದು ಸರಿ. ಅವರಿಗೆ ಓದುಗರು ಆಗಲೇ ಇದ್ದಾರೆ, ಒಳ್ಳೆಯ ಓದು ಕೊಟ್ಟರೆ ಸಾಕು. ಹೊಸ ಗಿರಾಕಿ ಬೇಕು ಎನ್ನುವ ಸಣ್ಣ ವ್ಯಾಪಾರಕ್ಕೆ ಈ ಖರ್ಚು ಬೇಡ.

ಉಚಿತವಾಗಿ ಸಿಗುವವು

ಕನ್ನಡ ವಿಕಿಪೀಡಿಯದಲ್ಲಿ ಜೋಗ, ಕೆಳದಿ, ಇಕ್ಕೇರಿ, ಕವಲೇದುರ್ಗ ಎಲ್ಲದರ ಬಗ್ಗೆ ಬರಹ ಇದೆ. ಅದನ್ನು ಬಳಸಬಹುದು, ವ್ಯಾಪಾರದ ಸೈಟಿನಲ್ಲೂ ಬಳಸಬಹುದು. ಆದರೆ ಉಚಿತ ಎಂದರೆ ಷರತ್ತಿಲ್ಲ ಎಂದಲ್ಲ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಇದೆ. ಎಲ್ಲಿಂದ ತಂದದ್ದು ಎಂದು ಹೇಳಿ ಕೊಂಡಿ ಕೊಡಬೇಕು. ಏನಾದರೂ ಬದಲಿಸಿದ್ದರೆ ಅದನ್ನೂ ಹೇಳಬೇಕು. ಬದಲಿಸಿದ ಬರಹವನ್ನು ಅದೇ ಲೈಸೆನ್ಸಿನಲ್ಲಿ ಬೇರೆಯವರಿಗೂ ಬಿಟ್ಟುಕೊಡಬೇಕು. ಬೇರೆ ಕಡೆ ಸಿಗುವ ಕ್ರಿಯೇಟಿವ್ ಕಾಮನ್ಸ್ ಬರಹಗಳಲ್ಲಿ "ವಾಣಿಜ್ಯ ಬಳಕೆ ಇಲ್ಲ", "ಬದಲಾವಣೆ ಇಲ್ಲ" ಎಂಬ ಷರತ್ತು ಇರಬಹುದು. ಹೋಂಸ್ಟೇ ನಡೆಸುವುದು ವ್ಯಾಪಾರವೇ, ಅಲ್ವಾ? ಹಾಗಾಗಿ ಮೊದಲನೆಯ ಷರತ್ತು ಇದ್ದದ್ದನ್ನು ಮುಟ್ಟಬೇಡಿ. ಸರ್ಕಾರದ ಸೈಟಿನಲ್ಲಿ ಇರುವುದೆಲ್ಲ ಸಾರ್ವಜನಿಕರ ಆಸ್ತಿ ಎಂದುಕೊಳ್ಳುವುದೂ ತಪ್ಪು. ಆಯಾ ಸೈಟಿನ ಹಕ್ಕುಸ್ವಾಮ್ಯ ನೀತಿ ಓದಿ.

ಹಳೆಯ ಲೇಖಕರ ಬರಹವೆಂದರೆ, ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಮಲೆನಾಡಿನ ಸೈಟ್ ಎಂದರೆ ಅವರ ಒಂದು ಪುಟವನ್ನೇ ತೆಗೆದು ಹಾಕುವ ಆಸೆ ತುಂಬ ಜನರಿಗೆ. ಅನುಮತಿ ಇಲ್ಲದೆ ಹಾಕುವಂತಿಲ್ಲ.

ಯಂತ್ರದಿಂದ ಬರೆಸುವುದು

ಯಂತ್ರ ಎಂದರೆ ಚಾಟ್‌ಜಿಪಿಟಿಯಂಥ ಎಐ. ಬೇಗ ಆಗುತ್ತದೆ, ಹೆಚ್ಚು ಖರ್ಚಿಲ್ಲ. ಊರಿನ ವಿವರ ಕೇಳಿದರೆ ಗೊತ್ತಿಲ್ಲದಿದ್ದರೂ ಗೊತ್ತಿರುವ ಹಾಗೆ ಬರೆದುಬಿಡುತ್ತದೆ. ನೀವು ಹೇಳಿದ್ದನ್ನು ಸರಿಯಾಗಿ ಜೋಡಿಸಲು, ಕಾಗುಣಿತ ತಿದ್ದಲು ಬಳಸಿ. ವಿಷಯವನ್ನೇ ಅದರಿಂದ ಕೇಳಿದರೆ ಪ್ಯಾಕಿಗೆ ಇರುವ ತೊಂದರೆಗಳೆಲ್ಲ ಇಲ್ಲೂ ಬರುತ್ತವೆ.

ಊರಿನವರಿಂದ ಬರೆಸುವುದು

ನಮ್ಮ ಜಿಲ್ಲೆಯಲ್ಲಿ ಬರೆಯುವವರಿಗೆ ಕಡಿಮೆ ಇಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿರುವವರು ಇದ್ದಾರೆ. ನಿವೃತ್ತ ಮೇಷ್ಟ್ರುಗಳು ಇದ್ದಾರೆ. ಸ್ಥಳೀಯ ಪತ್ರಿಕೆಗೆ ಬರೆದು ಕೈ ಪಳಗಿದವರು ಇದ್ದಾರೆ. ಒಂದು ಲೇಖನಕ್ಕೆ ಪ್ಯಾಕಿಗಿಂತ ಹತ್ತಾರು ಪಟ್ಟು ಜಾಸ್ತಿ ಕೊಡಬೇಕಾಗುತ್ತದೆ, ನಿಜ. ಆದರೆ ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಸೂರ್ಯಾಸ್ತ ಕಾಣುವುದಿಲ್ಲ, ಮೋಡವೇ ಮೋಡ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಜೋಗಕ್ಕೆ ಬಂದು ಬರೀ ಬಂಡೆ ನೋಡಿ ಹೋಗಬೇಡಿ, ಮಳೆ ಹಿಡಿದ ಮೇಲೆ ಬನ್ನಿ ಎಂದು ಅವರೇ ಬರೆಯುತ್ತಾರೆ.

ಇಲ್ಲೂ ಕಾಗದ ಬೇಕು. ದುಡ್ಡು ಕೊಟ್ಟು ಬರೆಸಿದ ಕೂಡಲೇ ಲೇಖನ ನಮ್ಮದಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಸಂಬಳಕ್ಕೆ ಇರುವವರು ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ನಿಮ್ಮದು. ಹೊರಗಿನವರು ಬರೆದುಕೊಟ್ಟರೆ ಮೊದಲ ಹಕ್ಕು ಬರೆದವರದ್ದೇ. ಅದನ್ನು ನಿಮಗೆ ವಹಿಸಿಕೊಟ್ಟಿದ್ದೇವೆ ಎಂದು ಬರಹದಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದೇ ಬಿಟ್ಟರೆ ಕಾಯ್ದೆ ಅದನ್ನು 5 ವರ್ಷ ಎಂದು ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ. ವೆಬ್‌ಸೈಟು ಜಗತ್ತಿಗೆಲ್ಲ ಕಾಣುವಂಥದ್ದು. ಆದ್ದರಿಂದ ಲೇಖನದ ಹೆಸರು, ಕೊಟ್ಟ ಹಣ, ಎಷ್ಟು ಕಾಲ, ಎಲ್ಲೆಲ್ಲಿ, ಅನುವಾದ ಮಾಡಬಹುದಾ, ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬರೆದವರ ಹೆಸರನ್ನು ಲೇಖನದ ಕೆಳಗೆ ಹಾಕಿ. ಅದು ಅವರಿಗೆ ಸಲ್ಲಬೇಕಾದದ್ದು.

ನೀವೇ ಹೇಳುವುದು

ಬರೆಯುವುದು ಎಂದರೆ ಹೆದರುತ್ತಾರೆ. ಅದಕ್ಕೇ ಹೇಳುವುದು ಎಂದೆ. ಫೋನಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಇಲ್ಲವೇ ಮಾತನ್ನು ರೆಕಾರ್ಡ್ ಮಾಡಿ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಂದ ಟೈಪ್ ಮಾಡಿಸಿ. ಗಿರಾಕಿಗಳು ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಯಾವುದು? ಅದಕ್ಕೆ ನೀವು ಕೊಡುವ ಉತ್ತರವೇ ಒಂದು ಲೇಖನ. ಹೋಂಸ್ಟೇಯವರಿಗೆ ದಿನಾ ಬರುವ ಪ್ರಶ್ನೆ: ತಾಳಗುಪ್ಪ ರೈಲಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು, ವಿಮಾನದಲ್ಲಿ ಸೋಗಾನೆಗೆ ಬಂದರೆ ಅಲ್ಲಿಂದ ಹೇಗೆ, ಕೊನೆಯ ಬಸ್ ಎಷ್ಟು ಗಂಟೆಗೆ, ನೆಟ್‌ವರ್ಕ್ ಸಿಗುತ್ತದಾ, ಮಳೆಯಲ್ಲಿ ಕರೆಂಟ್ ಹೋದರೆ ಏನು ವ್ಯವಸ್ಥೆ. ಇದಕ್ಕೆ ನಿಜವಾದ ಉತ್ತರ ಇರುವುದು ನಿಮ್ಮ ಬಳಿ ಮಾತ್ರ.

ಗೂಗಲ್ ಕೂಡ ಈಗ ಇದನ್ನೇ ಹುಡುಕುತ್ತಿದೆ. ಪುಟಗಳ ಗುಣಮಟ್ಟ ನೋಡುವವರಿಗೆ ಅದು ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ "ಅನುಭವ" ಎಂಬ ಅಂಶವನ್ನು ಸೇರಿಸಿದರು. ಬರೆದವರು ಆ ಕೆಲಸವನ್ನು ತಾವೇ ಮಾಡಿದ್ದಾರಾ, ಆ ಜಾಗಕ್ಕೆ ಹೋಗಿದ್ದಾರಾ ಎಂದು ನೋಡಿ ಎನ್ನುತ್ತದೆ ಅದು.

ಕೊರತೆ ಒಂದೇ, ಸಮಯ. ಕೊಯ್ಲಿನ ದಿನಗಳಲ್ಲಿ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲೇ ಮೈಮುರಿದಿರುವಾಗ ಯಾರಿಗೆ ಲೇಖನ ನೆನಪಾಗುತ್ತದೆ? ಮಳೆ ಜೋರಾಗಿ ಹಿಡಿದು ಹೊರಗೆ ಕೆಲಸ ಆಗದ ದಿನ ನೋಡಿ ಒಂದೊಂದೇ ಹೇಳಿಬಿಡಿ. ವರ್ಷಕ್ಕೆ ಐದಾರು ಆದರೂ ಸಾಕು.

ಲೆಕ್ಕ ಹಾಕೋಣ

ಈ ಅಂಕಿಗಳು ಬಗೆ ತೋರಿಸಲು ಮಾತ್ರ. ನಿಮ್ಮ ಅಂಕಿ ಹಾಕಿಕೊಳ್ಳಿ. 50 ಲೇಖನದ ಪ್ಯಾಕಿಗೆ 2,000 ರೂಪಾಯಿ ಎಂದುಕೊಳ್ಳಿ. ಒಂದಕ್ಕೆ 40 ರೂಪಾಯಿ, ತುಂಬ ಅಗ್ಗ. ಅದರಲ್ಲಿ ನಿಮ್ಮ ವ್ಯಾಪಾರಕ್ಕೆ ಹೊಂದುವುದು 10 ಇದ್ದರೆ ಒಂದರ ಬೆಲೆ 200 ಆಯಿತು. ಅದನ್ನು ಕನ್ನಡಕ್ಕೆ ತಂದು, ಊರಿಗೆ ಹೊಂದಿಸಿ, ತಪ್ಪು ನೋಡಲು ಒಂದೊಂದಕ್ಕೆ 3 ಗಂಟೆ. ನಿಮ್ಮ ಒಂದು ಗಂಟೆಗೆ 150 ರೂಪಾಯಿ ಎಂದರೂ 450. ಒಟ್ಟು 650. ಊರಿನವರೊಬ್ಬರು 800 ರೂಪಾಯಿಗೆ ಬರೆದುಕೊಡುತ್ತಾರೆ, ಅವರ ಜೊತೆ ನೀವು ಒಂದು ಗಂಟೆ ಮಾತಾಡಬೇಕು ಎಂದಾದರೆ 950. ವ್ಯತ್ಯಾಸ 300 ರೂಪಾಯಿ. ಆ 300ಕ್ಕೆ ನಿಮಗೆ ಸಿಗುವುದು ಬೇರೆಲ್ಲೂ ಇಲ್ಲದ ಲೇಖನ. ನೀವೇ ಹೇಳಿ ಮನೆಯವರಿಂದ ಟೈಪ್ ಮಾಡಿಸಿದರೆ ನಿಮ್ಮ ಎರಡು ಗಂಟೆ, ಅಂದರೆ 300 ರೂಪಾಯಿ, ಅಷ್ಟೇ.

40 ರೂಪಾಯಿಯ ಲೇಖನವನ್ನು ತಿದ್ದದೆ ಹಾಗೇ ಹಾಕಿದರೆ ಮಾತ್ರ ಅದು 40 ರೂಪಾಯಿ. ಹಾಗೆ ಹಾಕಿದ್ದಕ್ಕೇ ನನಗೆ ಆ ಮಗುವಿನ ಕಾಲು ಇವತ್ತಿಗೂ ಮರೆತಿಲ್ಲ.

ಯಾರಿಗೆ ಯಾವುದು

ಆಯುರ್ವೇದ ವೈದ್ಯರ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಪ್ಯಾಕ್ ಬೇಡವೇ ಬೇಡ. ಆರೋಗ್ಯದ ಪ್ಯಾಕುಗಳಲ್ಲಿ "ಸಕ್ಕರೆ ಕಾಯಿಲೆ ಬುಡಸಮೇತ ಗುಣ" ಎಂಬಂಥ ಲೇಖನ ಸಾಮಾನ್ಯ. ನಮ್ಮಲ್ಲಿ 1954ರಿಂದಲೇ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡದಂಥ ಪಟ್ಟಿ ಮಾಡಿದ ಕಾಯಿಲೆಗಳಿಗೆ ಔಷಧಿ ಇದೆ ಎಂದು ಜಾಹೀರಾತು ಮಾಡುವುದನ್ನು ಅದು ತಡೆಯುತ್ತದೆ. ವೈದ್ಯರ ಹೆಸರಿನ ಸೈಟಿನಲ್ಲಿ ಅಂಥ ಲೇಖನ ಬಂದರೆ ತೊಂದರೆ ವೈದ್ಯರಿಗೇ. ಅದಕ್ಕಿಂತ ಮುಖ್ಯ, ಓದಿದವರು ತಗೊಳ್ಳುತ್ತಿದ್ದ ಮಾತ್ರೆ ನಿಲ್ಲಿಸಿಬಿಟ್ಟರೆ? ನಾನು ಅವರಿಗೆ ಹೇಳಿದ್ದು ಇಷ್ಟು: ಮೊದಲ ಸಲ ಬರುವವರು ಏನೇನು ರಿಪೋರ್ಟ್ ತರಬೇಕು, ನೀವು ಯಾವುದನ್ನು ನೋಡುತ್ತೀರಿ, ಯಾವಾಗ ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು, ಇಂಥ ನಾಲ್ಕು ಪುಟ ನೀವೇ ಹೇಳಿ ಬರೆಸಿ. ನಾಲ್ಕೇ ಇರಲಿ.

ನರ್ಸರಿಯವರಿಗೆ ದುಡ್ಡು ಸ್ವಲ್ಪ ಇದೆ, ಸಮಯ ಇಲ್ಲ. ಅವರು ಊರಿನವರಿಂದ ಬರೆಸಬೇಕು. ಸಸಿ ನೆಡುವ ಹೊತ್ತು, ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಏನು ನೋಡಬೇಕು, ಬಳ್ಳಿ ಹಬ್ಬಿಸಲು ಯಾವ ಮರ ಎನ್ನುವ ಲೇಖನಗಳನ್ನು, ಔಷಧಿಯ ಪ್ರಮಾಣ ಬರುವ ಕಡೆಯಲ್ಲಿ ತೋಟಗಾರಿಕೆ ಇಲಾಖೆಯವರಿಗೋ ವಿಜ್ಞಾನಿಗಳಿಗೋ ಒಮ್ಮೆ ತೋರಿಸಿ ಹಾಕಬೇಕು. ಪಾರ್ಸೆಲ್, ಪಾವತಿ, ಸಸಿ ವಾಪಸಾತಿಯ ಪುಟಗಳಿಗೆ ಪ್ಯಾಕಿನ ಲೇಖನ ತಿದ್ದಿ ಬಳಸಿದರೆ ತೊಂದರೆ ಇಲ್ಲ.

ಹೋಂಸ್ಟೇ ದಂಪತಿ ಆಗಲೇ ಒಂದು ಪ್ಯಾಕ್ ಕೊಂಡುಬಿಟ್ಟಿದ್ದಾರೆ. ಎಸೆಯುವುದು ಬೇಡ ಎಂದೆ. ಅದರಲ್ಲಿ ಹತ್ತು ತಲೆಬರಹ ಆರಿಸಿ, ಒಳಗಿನ ಮಾತು ಬಿಟ್ಟು, ತಲೆಬರಹವನ್ನೇ ಪ್ರಶ್ನೆ ಮಾಡಿಕೊಂಡು ಉತ್ತರ ಹೇಳಿ. ಕುಂದಾದ್ರಿ, ಕವಲೇದುರ್ಗದ ಇತಿಹಾಸಕ್ಕೆ ವಿಕಿಪೀಡಿಯದಿಂದ ಮೂಲ ಹೇಳಿ ಎರಡು ಪ್ಯಾರಾ ತಗೊಳ್ಳಿ. ದಾರಿ, ಮಳೆ, ಇಂಬಳ, ಊಟ, ಇವು ನಿಮ್ಮ ಮಾತಲ್ಲೇ ಇರಲಿ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಎಲ್ಲ ಪುಟ ಓದಿ ಹಳತಾದದ್ದನ್ನು ತಿದ್ದಿ.

ರಿಪ್ಪನ್‌ಪೇಟೆಯ ಅಕ್ಕನಿಗೆ ಖರ್ಚು ಮಾಡಲು ಏನೂ ಇಲ್ಲ. "ನಂಗೆ ಬರೆಯೋಕೆ ಏನು ಬರುತ್ತೆ ಮಾರಾಯ್ತಿ" ಎಂದರು. ಮಿಡಿಯನ್ನು ತೊಟ್ಟಿನ ಸಮೇತ ಯಾಕೆ ಕೊಯ್ಯಬೇಕು ಎಂದು ಕೇಳಿದೆ. ಸೊನೆ ಹೋದರೆ ಘಮ ಹೋಯಿತು ಎಂದು ಶುರು ಮಾಡಿದವರು, ನೆಲಕ್ಕೆ ಬಿದ್ದ ಮಿಡಿ ಯಾಕೆ ಬೇಡ, ಉಪ್ಪಿನಲ್ಲಿ ಎಷ್ಟು ದಿನ ಬಿಡಬೇಕು, ಸುಕ್ಕುಗಟ್ಟಿದ್ದು ಸರಿಯಾಗಿದೆ ಎಂದು ಹೇಗೆ ತಿಳಿಯುತ್ತದೆ, ಜೀರಿಗೆ ಘಮದ ಮಿಡಿಗೂ ಉಳಿದದ್ದಕ್ಕೂ ಏನು ವ್ಯತ್ಯಾಸ, ಬಾಟಲಿ ತೆರೆದ ಮೇಲೆ ಒದ್ದೆ ಚಮಚ ಯಾಕೆ ಹಾಕಬಾರದು ಎಂದು ಇಪ್ಪತ್ತು ನಿಮಿಷ ಹೇಳಿದರು. ಅದಷ್ಟನ್ನೂ ಫೋನಿನಲ್ಲಿ ಹಿಡಿದಿಟ್ಟಿದ್ದೇನೆ. ಮೂರು ಲೇಖನ ಆಗುತ್ತದೆ. ಹೊಸ ಮಿಡಿ ಫೆಬ್ರವರಿ ಹೊತ್ತಿಗೆ ಬರತೊಡಗುತ್ತದೆ. ಜನವರಿಯೊಳಗೆ ಅವರ ಪುಟ ತೆರೆದಿರಬೇಕು.